ಹೊಳೆ ನೀರಿನ ಭಾರಲೋಹ ಪರೀಕ್ಷೆ ಮಾಡಿಸಿದೆ: ಕೊಟ್ಟ ದುಡ್ಡಿಗೆ ಸಿಕ್ಕಿದ್ದೇನು

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಪರೀಕ್ಷೆ ಮಾಡಿಸಿದ್ದು ಸೀಸ, ಕ್ಯಾಡ್ಮಿಯಂ, ಪಾದರಸದಂಥ ಭಾರಲೋಹಕ್ಕೆ. ಲ್ಯಾಬ್ ಮೈಸೂರಿನದು. ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಇದರಲ್ಲಿ ಮೆಚ್ಚುಗೆಯ ಜೊತೆ ದೂರೂ ಇದೆ, ಮತ್ತೆ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಯಾವ ಲ್ಯಾಬಿಗೆ ಕೊಟ್ಟರೂ ಕೇಳಬೇಕಾದ ಪ್ರಶ್ನೆಗಳೇ. ಕೊಡಗಿನಲ್ಲಿ ಹೊಳೆ ಪಕ್ಕ ಇರುವವರಿಗೆ ಉಪಯೋಗಕ್ಕೆ ಬರಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ನಂಜರಾಯಪಟ್ಟಣದ ಕಡೆ ಆರು ಎಕರೆ ತೋಟ. ಕಾಫಿ, ಮರಕ್ಕೆ ಹಬ್ಬಿಸಿದ ಕರಿಮೆಣಸು, ಸ್ವಲ್ಪ ಅಡಿಕೆ, ಕೆಳಗಡೆ ಒಂದು ತುಂಡು ಗದ್ದೆ. ಗದ್ದೆ ದಾಟಿದರೆ ಕಾವೇರಿ. ಕುಡಿಯುವುದಕ್ಕೆ ತೆರೆದ ಬಾವಿ ನೀರು, ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಹೊಳೆಯಿಂದ ಪಂಪ್ ಹೊಡೆದು ಟ್ಯಾಂಕಿಗೆ ಏರಿಸುತ್ತೇವೆ. ಮದುವೆಯಾಗಿ ಬಂದು 29 ವರ್ಷ ಆಯಿತು, ಇಷ್ಟು ವರ್ಷ ಈ ನೀರಿನ ಬಗ್ಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ತಲಕಾವೇರಿಯಲ್ಲಿ ಹುಟ್ಟಿ ಭಾಗಮಂಡಲ, ನಾಪೋಕ್ಲು, ಸಿದ್ದಾಪುರ ದಾಟಿ ನಮ್ಮ ಗದ್ದೆ ಬದಿಗೆ ಬರುವ ಹೊಳೆ. ಮೇಲೆ ದೊಡ್ಡ ಕಾರ್ಖಾನೆ ಒಂದೂ ಇಲ್ಲ. ಇಲ್ಲೇ ಕೆಟ್ಟಿದ್ದರೆ ಮಿಕ್ಕವರ ಗತಿ ಏನು ಅಂತ ಅಂದುಕೊಂಡಿದ್ದೆ.

ಈ ವರ್ಷ ಮಗಳು ಬಾಣಂತನಕ್ಕೆ ಬರುವವಳಿದ್ದಳು. ಏಪ್ರಿಲ್‌ನಲ್ಲಿ ವಾಟರ್ ಫಿಲ್ಟರ್ ಮಾರುವ ಹುಡುಗನೊಬ್ಬ ಮನೆಗೆ ಬಂದ. ಎರಡು ಲೋಟ ಇಟ್ಟ, ಒಂದರಲ್ಲಿ ನಮ್ಮ ಬಾವಿ ನೀರು, ಇನ್ನೊಂದರಲ್ಲಿ ಅವನು ತಂದ ಆರ್‌ಓ ನೀರು. ಕರೆಂಟಿಗೆ ಸಿಕ್ಕಿಸುವ ಒಂದು ಸಾಧನ, ಅದಕ್ಕೆ ಲೋಹದ ಕಡ್ಡಿಗಳು. ಎರಡೂ ಲೋಟಕ್ಕೆ ಅದ್ದಿ ಸ್ವಿಚ್ ಹಾಕಿದ. ಎರಡು ನಿಮಿಷದಲ್ಲಿ ನಮ್ಮ ನೀರು ಕೆಸರಿನ ಹಾಗೆ ಕಂದು ಬಣ್ಣಕ್ಕೆ ತಿರುಗಿತು. ಅವನ ನೀರು ಹಾಗೆಯೇ ತಿಳಿಯಾಗಿತ್ತು. "ನೋಡಿ ಮೇಡಂ, ಇದೆಲ್ಲಾ ಭಾರಲೋಹ, ಇದನ್ನೇ ನೀವು ಮಗುವಿಗೆ ಕುಡಿಸೋದು" ಅಂದ. ಅತ್ತೆ ಅಲ್ಲೇ ಕೂತಿದ್ದರು, ಅವರ ಮುಖ ಸಪ್ಪೆಯಾಯಿತು. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಆಮೇಲೆ ಗೊತ್ತಾಯಿತು, ಆ ಕಂದು ಬಣ್ಣ ನೀರಿನಿಂದ ಬಂದಿದ್ದಲ್ಲ, ಅವನ ಕಡ್ಡಿಯಿಂದ ಬಂದಿದ್ದು. ಕಬ್ಬಿಣದ ಕಡ್ಡಿಗೆ ಕರೆಂಟ್ ಹರಿದರೆ ಕಬ್ಬಿಣ ಕರಗಿ ತುಕ್ಕಾಗಿ ತೇಲುತ್ತದೆ. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಆರ್‌ಓ ನೀರಿನಲ್ಲಿ ಲವಣ ಬಹಳ ಕಡಿಮೆ, ಅದಕ್ಕೇ ಅದು ತಿಳಿಯಾಗಿ ಉಳಿಯುತ್ತದೆ. ಅಷ್ಟೇ. ನಿಮ್ಮ ಮನೆಗೆ ಯಾರಾದರೂ ಈ ಸಾಧನ ತಂದರೆ, ಅವನ ಆರ್‌ಓ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಸ್ವಿಚ್ ಹಾಕಲು ಹೇಳಿ. ಅದೂ ಕಂದು ಆಗುತ್ತದೆ. ವಯಸ್ಸಾದವರನ್ನು, ಬಸುರಿಯರನ್ನು ಹೀಗೆ ಹೆದರಿಸಿ ವ್ಯಾಪಾರ ಮಾಡುವುದು ನನಗೆ ತುಂಬಾ ನೋವು ಕೊಟ್ಟ ವಿಷಯ.

ಅವನ ಹತ್ತಿರ ಇದ್ದ ಇನ್ನೊಂದು ಸಾಧನ ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್. ನಮ್ಮ ಬಾವಿಗೆ 62 ತೋರಿಸಿತು, ಅಂದರೆ ಲೀಟರಿಗೆ 62 ಮಿಲಿಗ್ರಾಂ. ಅದು ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು ಅಳೆದು, ಅದರಿಂದ ಒಟ್ಟು ಲವಣ ಎಷ್ಟಿರಬಹುದು ಅಂತ ಲೆಕ್ಕ ಹಾಕುತ್ತದೆ. ಕುಡಿಯುವ ನೀರಿನಲ್ಲಿ ಸೀಸ ಒಂದು ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಅಂತ ಭಾರತೀಯ ಮಾನಕ ಹೇಳುತ್ತದೆ. ಅದರ ಹತ್ತು ಪಟ್ಟು ಸೀಸ ಇದ್ದರೂ 0.1 ಮಿಲಿಗ್ರಾಂ ಆಯಿತು. 62 ಅನ್ನುವ ಅಂಕಿ 63 ಕೂಡ ಆಗುವುದಿಲ್ಲ. ಹಾಗಾಗಿ ಮೀಟರ್ ಕಡಿಮೆ ತೋರಿಸಿತು ಅಂತ ಲೋಹ ಇಲ್ಲ ಅನ್ನುವ ಹಾಗಿಲ್ಲ, ಜಾಸ್ತಿ ತೋರಿಸಿತು ಅಂತ ಲೋಹ ಇದೆ ಅನ್ನುವ ಹಾಗೂ ಇಲ್ಲ.

ಹೆದರಿಕೆ ಒಂದು ಸಲ ಹೊಕ್ಕ ಮೇಲೆ ಸುಮ್ನೆ ಇರಲು ಆಗಲಿಲ್ಲ. ಮೊದಲು ಕಡಿಮೆ ದುಡ್ಡಿಗೆ ಮಾಡುತ್ತಾರೆ ಅಂತ ಬೇರೆ ಊರಿನ ಒಂದು ಕಡೆ ಕೊಟ್ಟೆವು. ನಮ್ಮವರು ಒಂದು ಹಳೆಯ ಕೂಲ್ ಡ್ರಿಂಕ್ಸ್ ಬಾಟಲಿಯಲ್ಲಿ ಬಾವಿ ನೀರು ತುಂಬಿ ಕೊಟ್ಟು ಬಂದರು, ಅವರೂ ತೆಗೆದುಕೊಂಡರು. ರಿಪೋರ್ಟಿನಲ್ಲಿ ಎಲ್ಲಾ ಲೋಹದ ಮುಂದೆಯೂ ಬಿಡಿಎಲ್ ಅಂತ ಬರೆದಿತ್ತು. ಪತ್ತೆ ಮಿತಿಗಿಂತ ಕಡಿಮೆ ಅಂತ ಅರ್ಥ. ಆದರೆ ಆ ಮಿತಿ ಎಷ್ಟು ಅಂತ ಎಲ್ಲೂ ಬರೆದಿರಲಿಲ್ಲ. ಫೋನ್ ಮಾಡಿ ಕೇಳಿದರೆ ಸೀಸಕ್ಕೆ ಲೀಟರಿಗೆ 0.05 ಮಿಲಿಗ್ರಾಂ ಅಂದರು. ಯೋಚನೆ ಮಾಡಿ ನೋಡಿ, ಇರಬಹುದಾದ ಗರಿಷ್ಠ ಮಟ್ಟ 0.01, ಅವರ ಯಂತ್ರದ ಕಣ್ಣಿಗೆ ಕಾಣುವುದೇ 0.05ರ ಮೇಲೆ. ಮಿತಿಗಿಂತ ನಾಲ್ಕು ಪಟ್ಟು ಸೀಸ ಇದ್ದರೂ ಆ ಕಾಗದದಲ್ಲಿ ಏನೂ ಇಲ್ಲ ಅಂತಲೇ ಬರುತ್ತದೆ. ಆ ದುಡ್ಡು ಹೋಯಿತು ಅಂತಲೇ ಲೆಕ್ಕ.

ಈಗ ವಿಮರ್ಶೆ ಬರೆಯುತ್ತಿರುವ ಲ್ಯಾಬಿಗೆ ಬರುತ್ತೇನೆ. ಎನ್‌ಎಬಿಎಲ್ ಅನ್ನುವ, ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇದೆ, ಅದೂ ಕುಡಿಯುವ ನೀರಿನಲ್ಲಿ ಲೋಹ ಅಳೆಯುವುದಕ್ಕೇ ಇದೆ. ಇದನ್ನು ಬೇರೆಯಾಗಿ ಕೇಳಿ, ಯಾಕೆಂದರೆ ಮಾನ್ಯತೆ ಅನ್ನುವುದು ಒಂದೊಂದು ಪರೀಕ್ಷೆಗೆ ಬೇರೆ ಬೇರೆ. ಇವರು ತೀರಾ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯುವ ಐಸಿಪಿ-ಎಂಎಸ್ ಯಂತ್ರದಲ್ಲಿ ನೋಡುತ್ತಾರೆ, ಸೀಸಕ್ಕೆ ಪತ್ತೆ ಮಿತಿ 0.001. ಅಂದರೆ ಮಾನಕದ ಹತ್ತನೇ ಒಂದು ಭಾಗ ಇದ್ದರೂ ಸಿಗುತ್ತದೆ. ಮೊದಲ ಫೋನಿನಲ್ಲೇ ಇದನ್ನು ಅವರಾಗಿಯೇ ಹೇಳಿದರು.

ನನಗೆ ತುಂಬಾ ಇಷ್ಟವಾಗಿದ್ದು ಅವರು ಕೇಳಿದ ಪ್ರಶ್ನೆಗಳು. ದರ ಹೇಳುವ ಮೊದಲು ಅರ್ಧ ಗಂಟೆ ಮಾತಾಡಿದರು. ಬಾವಿಯಿಂದ ಅಡುಗೆಮನೆಗೆ ಪೈಪ್ ಯಾವುದು, ಎಷ್ಟು ವರ್ಷ ಆಯಿತು. ನಲ್ಲಿ ಹಿತ್ತಾಳೆಯದಾ, ಸ್ಟೀಲಿನದಾ. ಕುಡಿಯುವ ನೀರು ರಾತ್ರಿ ತಾಮ್ರದ ಚೊಂಬಿನಲ್ಲಿ ಇಡುತ್ತೀರಾ. ಅಡುಗೆಗೆ ಕಲಾಯಿ ಹಾಕಿಸಿದ ಪಾತ್ರೆ ಇದೆಯಾ, ಇದ್ದರೆ ಕಲಾಯಿ ಎಲ್ಲಿ ಹಾಕಿಸಿದ್ದು, ತವರಕ್ಕೆ ಸೀಸ ಬೆರೆಸುವವರು ಇದ್ದಾರೆ ಅಂದರು. ತೋಟಕ್ಕೆ ಏನು ಸಿಂಪಡಿಸುತ್ತೀರಿ, ಯಾವಾಗ. ನೀರು ಪರೀಕ್ಷೆಗೆ ಇದೆಲ್ಲಾ ಯಾಕೆ ಅಂತ ಆಗ ಅನ್ನಿಸಿತ್ತು. ರಿಪೋರ್ಟ್ ಕೈಗೆ ಬಂದಾಗ ಪ್ರತಿಯೊಂದು ಪ್ರಶ್ನೆಗೂ ಅರ್ಥ ಸಿಕ್ಕಿತು.

ಒಂದೇ ಬಾಟಲಿ ಸಾಲದು ಅಂತ ಹೇಳಿ ಐದು ಕಡೆಯ ನೀರು ಕೇಳಿದರು. ಹೊಳೆ, ನಮ್ಮ ತೋಟದ ಮೇಲಿಂದ ಇಳಿದು ಹೊಳೆ ಸೇರುವ ತೋಡು, ಬಾವಿ, ಬೆಳಿಗ್ಗೆ ಅಡುಗೆಮನೆ ನಲ್ಲಿಯಲ್ಲಿ ಬರುವ ಮೊದಲ ನೀರು, ಅದೇ ನಲ್ಲಿಯನ್ನು ಐದು ನಿಮಿಷ ಬಿಟ್ಟ ಮೇಲಿನ ನೀರು. ಬಾಟಲಿಗಳು ಅವರೇ ಕಳಿಸಿದರು. ಆಸಿಡ್‌ನಲ್ಲಿ ತೊಳೆದವು, ಒಳಗೆ ಕೆಲವು ಹನಿ ನೈಟ್ರಿಕ್ ಆಸಿಡ್ ಮೊದಲೇ ಹಾಕಿದ್ದವು. ಅದು ಇಲ್ಲದಿದ್ದರೆ ನೀರಿನಲ್ಲಿರುವ ಲೋಹ ಬಾಟಲಿಯ ಒಳಗೋಡೆಗೆ ಅಂಟಿಕೊಂಡು ಅಳತೆ ಕಡಿಮೆ ಬರುತ್ತದಂತೆ. ಹಾಗಾಗಿ ಬಾಟಲಿ ತೊಳೆಯಬೇಡಿ, ತುಂಬಿ ಚೆಲ್ಲುವ ಹಾಗೆ ಹಿಡಿಯಬೇಡಿ, ಕೈಗೆ ತಾಗಿಸಿಕೊಳ್ಳಬೇಡಿ ಅಂತ ಕನ್ನಡದಲ್ಲಿ ಚೀಟಿ ಅಂಟಿಸಿದ್ದರು. ಕೂಲ್ ಡ್ರಿಂಕ್ಸ್ ಬಾಟಲಿಯಲ್ಲಿ ಕೊಟ್ಟ ನೀರಿಗೆ ಏನು ಬೆಲೆ ಇತ್ತು ಅಂತ ಆಗ ಅರ್ಥವಾಯಿತು.

ಹೊಳೆ ನೀರು ಹಿಡಿಯುವುದು ಅಷ್ಟು ಸುಲಭ ಇರಲಿಲ್ಲ. ಜೂನ್ ಎರಡನೇ ವಾರ, ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ನೀರು ಹರಿದು ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು, ಕಾಲಿನ ಕೆಸರು ಏಳಬಾರದು, ಮೇಲಿನ ನೊರೆ ಬರಬಾರದು, ಒಂದು ಗೇಣು ಆಳದಲ್ಲಿ ಹಿಡಿಯಬೇಕು. ನಮ್ಮವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ದಯವಿಟ್ಟು ಒಬ್ಬರೇ ಇಳಿಯಬೇಡಿ, ಆ ಸಮಯದಲ್ಲಿ ಕಾವೇರಿ ಹೇಗಿರುತ್ತಾಳೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ನಲ್ಲಿಯ ಮೊದಲ ನೀರಿಗೆ ರಾತ್ರಿ ಕನಿಷ್ಠ ಆರು ಗಂಟೆ ಯಾರೂ ನಲ್ಲಿ ಮುಟ್ಟಬಾರದು. ಅತ್ತೆ ನಾಲ್ಕೂವರೆಗೆ ಎದ್ದು ಕಾಫಿಗೆ ನೀರು ಹಿಡಿದುಬಿಟ್ಟಿದ್ದರು, ಮಾರನೇ ದಿನ ಮತ್ತೆ ಮಾಡಿದೆವು.

ಹೊಳೆಯದು ಎರಡು ಬಾಟಲಿ. ಒಂದನ್ನು ಹಾಗೇ, ಇನ್ನೊಂದನ್ನು ಅವರು ಕೊಟ್ಟ ಸಣ್ಣ ಸೋಸುಕದಲ್ಲಿ ಸೋಸಿ. ಇದು ಯಾಕೆ ಅಂದರೆ ಲೋಹ ನೀರಿನಲ್ಲಿ ಕರಗಿ ಇರುವುದಕ್ಕಿಂತ ಜಾಸ್ತಿ ಸಣ್ಣ ಸಣ್ಣ ಮಣ್ಣಿನ ಕಣಕ್ಕೆ ಅಂಟಿಕೊಂಡು ಬರುತ್ತದೆ. ಸೋಸದ ಬಾಟಲಿಯಲ್ಲಿ ಕಬ್ಬಿಣ, ಮ್ಯಾಂಗನೀಸ್ ಚೆನ್ನಾಗಿಯೇ ಇತ್ತು. ಸೋಸಿದ್ದರಲ್ಲಿ ಬಹುತೇಕ ಹೋಗಿತ್ತು. ಅದು ನಮ್ಮ ಕೆಂಪು ಮಣ್ಣಿನದೇ ಕಬ್ಬಿಣ. ಗದ್ದೆ ಬದುವಿನಲ್ಲಿ ನಿಂತ ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣ ಬಣ್ಣದ ಪೊರೆ ಕಾಣುತ್ತದಲ್ವಾ, ಕೋಲಿನಿಂದ ಮುಟ್ಟಿದರೆ ಚೂರು ಚೂರಾಗಿ ಒಡೆಯುತ್ತದೆ. ಅದೂ ಕಬ್ಬಿಣದ್ದೇ, ಎಣ್ಣೆ ಆಗಿದ್ದರೆ ಒಡೆಯದೆ ಮತ್ತೆ ಕೂಡಿಕೊಳ್ಳುತ್ತಿತ್ತು. ಇದನ್ನು ನೋಡಿ ಹೆದರಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಣ್ಣು ಹೊಳೆಗೆ ಬಂದಿದ್ದನ್ನು ನಾವೆಲ್ಲಾ ನೋಡಿದ್ದೇವೆ, ಅಂಥ ವರ್ಷ ಇದೆಲ್ಲಾ ಇನ್ನೂ ಜಾಸ್ತಿ ಇರುತ್ತದೆ.

ಇನ್ನು ಹೆದರಬೇಕಾದವು. ಹೊಳೆಯಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್ ನಾಲ್ಕೂ ಪತ್ತೆ ಮಿತಿಗಿಂತ ಕೆಳಗೆ. ಇದನ್ನು ಓದಿದಾಗ ಅತ್ತೆ ಕೈ ಮುಗಿದರು. ನನಗೂ ಕಣ್ಣು ತುಂಬಿತು. ಒಂದು ದಿನದ ಒಂದು ಬಾಟಲಿ ಅದು, ಇಡೀ ಹೊಳೆಗೆ ಸರ್ಟಿಫಿಕೇಟ್ ಅಲ್ಲ, ಅದು ಗೊತ್ತು. ಆದರೂ ಅಷ್ಟಾದರೂ ಸಮಾಧಾನ ಸಿಕ್ಕಿತು.

ಕ್ಯಾಡ್ಮಿಯಂ ಬಗ್ಗೆ ನಾನು ವಿಶೇಷವಾಗಿ ಕೇಳಿದ್ದೆ, ಯಾಕೆಂದರೆ ನಮಗೆ ಗದ್ದೆ ಇದೆ. ಜಪಾನಿನ ಜಿಂಜು ಹೊಳೆಯ ಕಥೆ ನಿಮಗೆ ಗೊತ್ತಿರಬಹುದು. ಮೇಲಿನ ಕಮಿಯೋಕಾ ಗಣಿಯಿಂದ ಬಂದ ಕ್ಯಾಡ್ಮಿಯಂ ಹೊಳೆಗೆ ಸೇರಿ, ಅದೇ ನೀರು ಗದ್ದೆಗೆ ಹರಿದು, ಅನ್ನದ ಮೂಲಕ ಜನರ ಮೂಳೆಗೆ ಹೋಯಿತು. ಮೂಳೆ ಮುರಿಯುವ ನೋವಿಗೆ ಜನ ಕೂಗಿಕೊಂಡ ರೀತಿಯೇ ಆ ಕಾಯಿಲೆಗೆ ಹೆಸರಾಯಿತು, ಇತಾಯಿ ಇತಾಯಿ. ನಮ್ಮಲ್ಲಿ ಅಂಥ ಗಣಿ ಇಲ್ಲ. ಆದರೆ ರಂಜಕ ಇರುವ ಕಲ್ಲು, ಅಂದರೆ ರಾಕ್ ಫಾಸ್ಫೇಟ್‌ನಿಂದ ಮಾಡುವ ಗೊಬ್ಬರದಲ್ಲಿ ಸ್ವಲ್ಪ ಕ್ಯಾಡ್ಮಿಯಂ ಇರುತ್ತದೆ, ಕಲ್ಲು ಯಾವ ದೇಶದಿಂದ ಬಂತು ಅನ್ನುವುದರ ಮೇಲೆ ಹೆಚ್ಚು ಕಡಿಮೆ. ನಮ್ಮ ಹುಳಿ ಮಣ್ಣಿನಲ್ಲಿ ಗಿಡ ಅದನ್ನು ಬೇಗ ಎಳೆದುಕೊಳ್ಳುತ್ತದೆ. ಮಣ್ಣಿನ ಹುಳಿ ಇಳಿಸಲು ತೋಟಕ್ಕೆ ಸುಣ್ಣ ಹಾಕುವುದನ್ನು ತಪ್ಪಿಸಬೇಡಿ ಅಂತ ಹಿರಿಯರು ಹೇಳುವುದಕ್ಕೆ ಇದೂ ಒಂದು ಕಾರಣ ಅಂತ ಈಗ ತಿಳಿಯಿತು.

ಬಾವಿ ನೀರಿನಲ್ಲೂ ಲೋಹ ಇರಲಿಲ್ಲ. ಆದರೆ ಪಿಎಚ್, ಅಂದರೆ ನೀರು ಎಷ್ಟು ಹುಳಿ ಅನ್ನುವುದರ ಅಳತೆ, 6.1. ಮಾನಕದ ಪ್ರಕಾರ 6.5ರಿಂದ 8.5ರ ನಡುವೆ ಇರಬೇಕು. ನೀರು ಮೆದು, ಸ್ವಲ್ಪ ಹುಳಿ. ಬಟ್ಟೆಗೆ ಸೋಪು ಚೆನ್ನಾಗಿ ನೊರೆ ಬರುತ್ತದೆ, ಬೇಳೆ ಬೇಗ ಬೇಯುತ್ತದೆ, ನೆಂಟರೆಲ್ಲಾ ನಿಮ್ಮ ನೀರು ಎಷ್ಟು ರುಚಿ ಅನ್ನುತ್ತಾರೆ. ಆದರೆ ಇಂಥ ನೀರು ತಾನು ಮುಟ್ಟಿದ ಲೋಹವನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ.

ಎಲ್ಲಿ ತಿಂದಿತ್ತು ಅಂತ ಮುಂದಿನ ಸಾಲಿನಲ್ಲಿತ್ತು. ಅಡುಗೆಮನೆ ನಲ್ಲಿಯ ಬೆಳಗಿನ ಮೊದಲ ನೀರಿನಲ್ಲಿ ಸೀಸ 0.021. ಮಿತಿಯ ಎರಡು ಪಟ್ಟು. ಅದೇ ನಲ್ಲಿ ಐದು ನಿಮಿಷ ಬಿಟ್ಟ ಮೇಲೆ 0.002. ಹೊಳೆಯಲ್ಲಿ ಇಲ್ಲದ್ದು, ಬಾವಿಯಲ್ಲಿ ಇಲ್ಲದ್ದು, ನನ್ನ ಅಡುಗೆಮನೆಯಲ್ಲಿ ಇತ್ತು. ಮೂರು ವರ್ಷದ ಹಿಂದೆ ಸಂತೆ ದಿನ ಕಡಿಮೆ ಬೆಲೆಗೆ ಸಿಕ್ಕಿತು ಅಂತ ತಂದು ಹಾಕಿಸಿದ ಹಿತ್ತಾಳೆ ನಲ್ಲಿ. ಹಿತ್ತಾಳೆ ಕಡೆಯಲು ಸುಲಭವಾಗಲಿ ಅಂತ ಅದಕ್ಕೆ ಸೀಸ ಬೆರೆಸುತ್ತಾರೆ. ರಾತ್ರಿಯಿಡೀ ಹುಳಿ ನೀರು ಅದರೊಳಗೆ ನಿಂತಿರುತ್ತದೆ, ಬೆಳಿಗ್ಗೆ ಅದೇ ನೀರು ಮೊದಲ ಕಾಫಿಗೆ. ಹಳೆಯ ಪಿವಿಸಿ ಪೈಪಿನಲ್ಲೂ ಸೀಸದ ಸಂಯುಕ್ತ ಬಳಸುತ್ತಿದ್ದರು, ಅದನ್ನು ನಿಲ್ಲಿಸಲು ಕೇಂದ್ರ ಸರ್ಕಾರ ನಿಯಮ ತಂದಿದ್ದು 2021ರಲ್ಲಿ. ನಮ್ಮ ಪೈಪ್ ಅದಕ್ಕಿಂತ ಹಳೆಯದು.

ಈ ಲ್ಯಾಬಿನವರು ಒಂದೇ ಬಾಟಲಿ ಸಾಕು ಅಂದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಹಗಲು ಹೊತ್ತು ನಲ್ಲಿ ನೀರು ಕೊಟ್ಟಿದ್ದರೆ ಎಲ್ಲಾ ಸರಿ ಇದೆ ಅಂತ ಬರುತ್ತಿತ್ತು. ಬೆಳಗಿನದು ಮಾತ್ರ ಕೊಟ್ಟಿದ್ದರೆ ಕಾವೇರಿಯಲ್ಲಿ ಸೀಸ ಇದೆ ಅಂತ ಊರಿಡೀ ಹೇಳಿಕೊಂಡು ತಿರುಗುತ್ತಿದ್ದೆ. ನೀರನ್ನು ಎಲ್ಲಿಂದ, ಯಾವ ಹೊತ್ತಿನಲ್ಲಿ ತೆಗೆದಿರಿ ಅಂತ ಕೇಳದ ಲ್ಯಾಬಿಗೆ ದುಡ್ಡು ಕೊಡಬೇಡಿ. ನಾನು ಹೇಳಬೇಕಾಗಿರುವುದರಲ್ಲಿ ಇದೇ ಮುಖ್ಯ.

ಸೀಸಕ್ಕೆ ಮಕ್ಕಳ ವಿಷಯದಲ್ಲಿ ಇಷ್ಟು ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುವ ಮಿದುಳಿಗೆ ಪೆಟ್ಟು. ಬಸುರಿಯ ದೇಹದಿಂದ ಮಗುವಿಗೂ ದಾಟುತ್ತದೆ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಲೋಹ ಉಳಿಯುವುದರಿಂದ ಸ್ವಲ್ಪ ಗಟ್ಟಿಯೇ ಆಗುತ್ತದೆ. ಯುವಿ ಫಿಲ್ಟರ್ ಕ್ರಿಮಿ ಸಾಯಿಸುತ್ತದೆ, ಲೋಹವನ್ನು ಮುಟ್ಟುವುದೂ ಇಲ್ಲ. ಆರ್‌ಓ ತೆಗೆಯುತ್ತದೆ, ನಿಜ. ಆದರೆ 62 ಟಿಡಿಎಸ್ ಇರುವ ನೀರಿಗೆ ಆರ್‌ಓ ಹಾಕಿಸಿ ಅರ್ಧಕ್ಕಿಂತ ಜಾಸ್ತಿ ನೀರನ್ನು ಚರಂಡಿಗೆ ಬಿಡುವುದು ನನಗೆ ಸರಿ ಕಾಣಲಿಲ್ಲ. ಲ್ಯಾಬಿನವರೂ ಹಾಕಿಸಿ ಅನ್ನಲಿಲ್ಲ. ನಲ್ಲಿ ಬದಲಿಸಿ, ಬೆಳಿಗ್ಗೆ ಮೊದಲ ನೀರನ್ನು ಗಿಡಕ್ಕೆ ಹಾಕಿ, ಗೀಸರಿನ ಬಿಸಿ ನೀರನ್ನು ಅಡುಗೆಗೆ ಬಳಸಬೇಡಿ, ತಾಮ್ರದ ಚೊಂಬಿನ ನೀರು ಮಗುವಿಗೆ ಬೇಡ ಅಂದರು. ಮಾರಾಟ ಮಾಡಲು ಏನೂ ಇಟ್ಟುಕೊಳ್ಳದೆ ಹೇಳಿದ ಮಾತು, ಅದಕ್ಕೇ ನಂಬಿಕೆ ಬಂತು.

ತೋಡಿನ ನೀರಿನ ಬಗ್ಗೆ ಬರೆಯಲು ಮನಸ್ಸಿಗೆ ಕಷ್ಟ, ಆದರೆ ಬರೆಯಲೇಬೇಕು. ಅಲ್ಲಿ ತಾಮ್ರ 0.11 ಬಂತು. ಮಾನಕದಲ್ಲಿ ತಾಮ್ರಕ್ಕೆ ಎರಡು ಅಂಕಿ ಇದೆ. ಇರಬೇಕಾದ ಮಟ್ಟ 0.05, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಒಪ್ಪಬಹುದು. ನಾವು ತೋಡಿನ ನೀರು ಕುಡಿಯುವುದಿಲ್ಲ. ಆದರೆ ತೋಡಿನಲ್ಲಿ ಏಡಿ ಇದೆ, ಸಣ್ಣ ಮೀನಿದೆ, ಅದೇ ನೀರು ಹೊಳೆಗೆ ಸೇರುತ್ತದೆ. ಮನುಷ್ಯನಿಗೆ ಏನೂ ಮಾಡದಷ್ಟು ತಾಮ್ರ ಮೀನಿಗೆ, ಬಸವನಹುಳಕ್ಕೆ ವಿಷ. ಅದರಲ್ಲೂ ನಮ್ಮದರ ಹಾಗೆ ಮೆದು ನೀರಿನಲ್ಲಿ ವಿಷ ಇನ್ನೂ ಜಾಸ್ತಿ, ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಮೀನನ್ನು ಸ್ವಲ್ಪ ಕಾಪಾಡುತ್ತದೆ, ಇಲ್ಲಿ ಅದೂ ಇಲ್ಲ. ಕುಡಿಯುವ ನೀರಿನ ಮಾನಕ ನೋಡಿ ಹೊಳೆ ಆರೋಗ್ಯವಾಗಿದೆ ಅಂತ ಹೇಳಲು ಆಗುವುದಿಲ್ಲ, ಇದನ್ನು ಲ್ಯಾಬಿನ ಹುಡುಗಿಯೇ ಫೋನಿನಲ್ಲಿ ಬಿಡಿಸಿ ಹೇಳಿದಳು.

ತಾಮ್ರ ಎಲ್ಲಿಂದ ಬಂತು ಅಂತ ತೋಟ ಇರುವವರಿಗೆ ಹೇಳಬೇಕಾಗಿಲ್ಲ. ಬೋರ್ಡೋ, ಕೊಳೆರೋಗ ಬರದ ಹಾಗೆ ಸಿಂಪಡಿಸುವ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಮೆಣಸಿಗೆ, ಅಡಿಕೆಗೆ ಹೊಡೆಯದಿದ್ದರೆ ಬಳ್ಳಿಯೂ ಉಳಿಯುವುದಿಲ್ಲ, ಕಾಯಿಯೂ ಉಳಿಯುವುದಿಲ್ಲ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಒಂದು 200 ಲೀಟರ್ ಡ್ರಮ್ಮಿನಲ್ಲಿ ಅರ್ಧ ಕಿಲೋ ತಾಮ್ರ ಅಂತಾಯಿತು. ಬೇರೆ ಬಹಳಷ್ಟು ಔಷಧಿ ಬಿಸಿಲಿಗೆ, ಮಣ್ಣಿನ ಜೀವಿಗಳಿಗೆ ಸಿಕ್ಕಿ ಒಡೆದು ಹೋಗುತ್ತದೆ, ಲೋಹ ಒಡೆಯುವುದಿಲ್ಲ. ಮಾವನವರ ಕಾಲದಲ್ಲಿ ಹೊಡೆದ ತಾಮ್ರವೂ ಈ ಮಣ್ಣಿನಲ್ಲೇ ಇದೆ. ಎಲೆಗೊಬ್ಬರ ಚೆನ್ನಾಗಿರುವ ಮಣ್ಣು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅದು ನಮ್ಮ ಪುಣ್ಯ. ಮಣ್ಣು ಕೊಚ್ಚಿಹೋದರೆ ಅದರ ಜೊತೆ ತಾಮ್ರವೂ ಹೋಗುತ್ತದೆ.

ಆದರೆ ನಮ್ಮ ತೋಡಿನಲ್ಲಿ ಬಂದಿದ್ದು ಬರೀ ಮಣ್ಣಿನದಲ್ಲ. ಸಿಂಪಡಣೆ ಮುಗಿದ ಮೇಲೆ ಡ್ರಮ್, ಪಂಪ್, ಪೈಪ್ ಎಲ್ಲಾ ತೋಡಿನ ಕಟ್ಟೆ ಮೇಲೇ ತೊಳೆಯುತ್ತಿದ್ದೆವು. ತಳದಲ್ಲಿ ಉಳಿದ ನೀಲಿ ಗಷ್ಟನ್ನೂ ಅಲ್ಲೇ ಚೆಲ್ಲುತ್ತಿದ್ದೆವು. ಯಾರೂ ಬೇಡ ಅಂದಿರಲಿಲ್ಲ, ನಾವೂ ಯೋಚಿಸಿರಲಿಲ್ಲ. ಹಿಂದೆಲ್ಲಾ ತೋಡಿನಲ್ಲಿ ಕಲ್ಲು ಎತ್ತಿದರೆ ಏಡಿ ಸಿಗುತ್ತಿತ್ತು, ಈಗ ಸಿಗುವುದಿಲ್ಲ ಅಂತ ಅತ್ತೆ ಹೇಳುತ್ತಲೇ ಇದ್ದರು. ಅದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಆ ಅಂಕಿ ನೋಡಿದ ದಿನದಿಂದ ತೋಡಿನ ಹತ್ತಿರ ಹೋದರೆ ಅದೇ ನೆನಪಾಗುತ್ತದೆ.

ಕಾಫಿ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಸುಲಿಯುವಾಗ ಬರುವ ನೀರಿನ ಬಗ್ಗೆಯೂ ಕೇಳಿದೆ. ಅದರಲ್ಲಿ ಲೋಹ ಹೇಳಿಕೊಳ್ಳುವಷ್ಟು ಇರುವುದಿಲ್ಲ. ಅದರ ತೊಂದರೆ ಬೇರೆ, ಕೊಳೆತು ನೀರಿನ ಉಸಿರನ್ನೇ, ಅಂದರೆ ಆಮ್ಲಜನಕವನ್ನೇ ತೆಗೆಯುತ್ತದೆ, ಹುಳಿಯಾಗುತ್ತದೆ. ಉಸಿರಿಲ್ಲದ ಹುಳಿ ನೀರು ತಳದ ಹೂಳಿನಲ್ಲಿ ಸುಮ್ನೆ ಕೂತಿದ್ದ ಲೋಹವನ್ನು ಮತ್ತೆ ಮೇಲಕ್ಕೆ ಎಬ್ಬಿಸುತ್ತದೆ. ಹಾಗಾಗಿ ಅದನ್ನು ಹೊಂಡದಲ್ಲಿ ತಡೆದು ಸುಣ್ಣ ಹಾಕದೆ ತೋಡಿಗೆ ಬಿಟ್ಟರೆ ಎರಡು ಸಲ ತಪ್ಪು ಮಾಡಿದ ಹಾಗೆ.

ಇನ್ನುಳಿದ ಮೂಲಗಳು ನಮ್ಮ ಕಣ್ಣೆದುರೇ ಇವೆ. ಗಣಪತಿ ಬಣ್ಣ ಒಂದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಅಂತ 2017ರ ನವೆಂಬರ್‌ನಿಂದ ನಿಯಮ ಜಾರಿಯಲ್ಲಿದೆ, ಮೂರ್ತಿ ಮುಳುಗಿಸುವುದಕ್ಕೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ಮಾರ್ಗಸೂಚಿ ಕೊಟ್ಟು 2020ರಲ್ಲಿ ಪರಿಷ್ಕರಿಸಿದೆ. ಆದರೂ ಹೊಳಪು ಬಣ್ಣದ ಮೂರ್ತಿಗಳು ಹೊಳೆಗೆ ಬೀಳುವುದು ನಿಂತಿಲ್ಲ. ರಸ್ತೆ ಬದಿ ಇಳಿಜಾರಿಗೆ ಚೆಲ್ಲುವ ಕಸದಲ್ಲಿ ಸೆಲ್ಲು, ಹಳೆಯ ಟ್ಯೂಬ್‌ಲೈಟ್, ಬ್ಯಾಟರಿ ಎಲ್ಲಾ ಇರುತ್ತದೆ. ಟ್ಯೂಬ್‌ಲೈಟಿನಲ್ಲಿ ಪಾದರಸ, ವಾಹನದ ಬ್ಯಾಟರಿಯಲ್ಲಿ ಸೀಸ. ಪ್ರವಾಸಿಗರು ಬಿಟ್ಟು ಹೋಗಿದ್ದು ಅಂತ ಬರೀ ಅವರನ್ನೇ ಬೈಯುವ ಹಾಗೂ ಇಲ್ಲ. ಕೊಪ್ಪ ಸೇತುವೆ ದಾಟಿ ಮೈಸೂರು ಜಿಲ್ಲೆಗೆ ಹೋದ ಮೇಲೆ ಈ ಹೊಳೆ ಕೆಆರ್‌ಎಸ್ ತುಂಬುತ್ತದೆ, ಬೆಂಗಳೂರಿಗೆ ಕುಡಿಯುವ ನೀರಾಗುತ್ತದೆ. ಅಲ್ಲಿಂದ ಹೊರಬಿದ್ದ ಕೊಳಚೆ, ಕಾರ್ಖಾನೆ ನೀರನ್ನೂ ಸೇರಿಸಿಕೊಂಡು, ವೃಷಭಾವತಿಯಲ್ಲಿ ಹರಿದು ಅರ್ಕಾವತಿ ಸೇರಿ ಸಂಗಮದಲ್ಲಿ ಮತ್ತೆ ಕಾವೇರಿಗೇ ಬರುತ್ತದೆ. ನಮ್ಮ ಬಾಟಲಿಯ ಅಂಕಿ ಚೆನ್ನಾಗಿದ್ದಿದ್ದು ನಾವು ಮೇಲಿರುವುದರಿಂದ.

ಈಗ ಕಳೆದ ಒಂದು ಸ್ಟಾರ್ ಯಾಕೆ ಅಂತ ಹೇಳುತ್ತೇನೆ. ಹತ್ತು ದಿನದಲ್ಲಿ ರಿಪೋರ್ಟ್ ಕೊಡುತ್ತೇವೆ ಅಂದವರು 23 ದಿನ ಮಾಡಿದರು. ಮನೆಯಲ್ಲಿ ಬಸುರಿ ಇದ್ದಾಳೆ ಅಂತ ಮೊದಲೇ ಹೇಳಿದ್ದೆ. ಮೂರು ಸಲ ಫೋನ್ ಮಾಡಿದೆ, ಎರಡು ಸಲ ಇವತ್ತು ಸಂಜೆ ಅಂದರು. ನೀರು ಆಸಿಡ್ ಹಾಕಿದ್ದರಿಂದ ಕೆಡುವುದಿಲ್ಲ, ಪಾದರಸ ಬಿಟ್ಟು ಉಳಿದ ಲೋಹಕ್ಕೆ ಆರು ತಿಂಗಳ ತನಕ ಸಮಯ ಇದೆ ಅಂತ ಸಮಾಧಾನ ಹೇಳಿದರು. ನೀರು ಕೆಡದೇ ಇರಬಹುದು, ಆದರೆ ಅಷ್ಟು ದಿನ ಕುಡಿದಿದ್ದು ನಾವು. ಇನ್ನೊಂದು, ರಿಪೋರ್ಟ್ ಪೂರ್ತಿ ಇಂಗ್ಲಿಷಿನಲ್ಲಿದೆ. ಬಾಟಲಿ ಮೇಲಿನ ಚೀಟಿ ಕನ್ನಡದಲ್ಲಿ ಹಾಕಲು ಬಂದವರಿಗೆ ರಿಪೋರ್ಟಿಗೆ ಒಂದು ಪುಟ ಕನ್ನಡ ಸೇರಿಸಲು ಆಗುವುದಿಲ್ಲವಾ? ಫೋನಿನಲ್ಲಿ 40 ನಿಮಿಷ ಚೆನ್ನಾಗಿ ವಿವರಿಸಿದರು, ಅದನ್ನು ಒಪ್ಪುತ್ತೇನೆ. ಆದರೆ ಲೈನ್ ಮನೆಯಲ್ಲಿರುವ ನಮ್ಮ ಕೆಲಸದವರಿಗೆ ತೋರಿಸಲು ಆ ಕಾಗದ ಉಪಯೋಗಕ್ಕೆ ಬರಲಿಲ್ಲ, ನಾನೇ ಕೈಯಲ್ಲಿ ಬರೆದು ಕೊಟ್ಟೆ.

ದುಡ್ಡು ಒಟ್ಟು 7,400 ಆಯಿತು, ಬಾಟಲಿ ಕಳಿಸಿದ್ದು, ಬಸ್ಸಿನಲ್ಲಿ ಪಾರ್ಸೆಲ್ ವಾಪಸ್ ಹೋಗಿದ್ದು ಎಲ್ಲಾ ಸೇರಿ. ಕಡಿಮೆ ಅಲ್ಲ. ಹೊಳೆ ಬೇಡ, ಮನೆ ನೀರು ಮಾತ್ರ ಸಾಕು ಅನ್ನುವವರು ಬಾವಿ ಒಂದು, ಬೆಳಗಿನ ಮೊದಲ ನೀರು ಒಂದು, ಎರಡೇ ಬಾಟಲಿ ಕೊಟ್ಟರೂ ಸಾಕು. ಹೊಳೆಯದು ಊರಿನವರು ನಾಲ್ಕು ಮನೆ ಸೇರಿ ಹಂಚಿಕೊಂಡು ಮಾಡಿಸಿ.

ಅಡುಗೆಮನೆ ನಲ್ಲಿ ಬದಲಿಸಿ ಸ್ಟೀಲಿನದು ಹಾಕಿಸಿದ್ದೇವೆ. ಅದಾಗಿ ಮೂರು ವಾರದ ಮೇಲೆ ಬೆಳಗಿನ ಮೊದಲ ನೀರನ್ನು ಮತ್ತೆ ಕಳಿಸಿದೆ. ಸೀಸ 0.003 ಬಂತು, ಈ ಸಲ ಒಂಬತ್ತೇ ದಿನದಲ್ಲಿ ರಿಪೋರ್ಟ್ ಕೊಟ್ಟರು. ಪೂರ್ತಿ ಹೋಗಿಲ್ಲ, ಉಳಿದಿದ್ದು ಪೈಪಿನದಿರಬಹುದು ಅಂದರು, ದೀಪಾವಳಿ ಕಳೆದ ಮೇಲೆ ಅದನ್ನೂ ಬದಲಿಸುತ್ತೇವೆ. ಅಲ್ಲಿಯ ತನಕ ಮಗಳಿಗೂ ಮೊಮ್ಮಗಳಿಗೂ ಬಾವಿಯಿಂದಲೇ ಸ್ಟೀಲ್ ಬಿಂದಿಗೆಯಲ್ಲಿ ಸೇದಿ ತರುತ್ತೇನೆ. ಡ್ರಮ್ ತೊಳೆಯುವುದಕ್ಕೆ ತೋಡಿನಿಂದ ದೂರ, ಮೇಲಿನ ಬೇಲಿ ಹತ್ತಿರ ಒಂದು ಗುಂಡಿ ತೋಡಿಸಿ ಸುಣ್ಣ, ಒಣಗಿದ ಎಲೆ ತುಂಬಿಸಿದ್ದೇವೆ. ತೋಡಿನ ತಳದ ಹೂಳನ್ನೂ ಪರೀಕ್ಷೆ ಮಾಡಿಸಬೇಕು ಅಂತ ಕೇಳಿದ್ದೇನೆ, ನೀರು ತಿಳಿಯಾಗುವ ಡಿಸೆಂಬರ್‌ನಲ್ಲಿ ಡಬ್ಬಿ ಕಳಿಸುತ್ತೇವೆ ಅಂದಿದ್ದಾರೆ.